ಕಪ್ತಾನನ ಕೆನ್ನೆಯ ಗೆರೆ

ಜನವರಿ 8

ತಮ್ಮಾ,

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಎರಡನೇ ನಿಮಿಷಕ್ಕೆ ಜಗಳಕ್ಕೆ ಬೀಳುತ್ತೇವೆ, ಮೂರನೇ ನಿಮಿಷಕ್ಕೆ ನೀನು ಇಟ್ಟುಬಿಡುತ್ತೀಯ. ಕಾಗದವಾದರೆ ಪೂರ್ತಿ ಓದುವ ತನಕ ನನ್ನ ಬಾಯಿ ಮುಚ್ಚಿಸಲು ನಿನಗೆ ಆಗುವುದಿಲ್ಲ. ನಾನು ಚೆನ್ನಾಗಿದ್ದೇನೆ, ಮಗಳೂ ಚೆನ್ನಾಗಿದ್ದಾಳೆ. ನೀನು ಹೇಗಿದ್ದೀಯ ಎಂದು ಕೇಳುವುದಿಲ್ಲ, ಕೇಳಿದರೆ "ಇದ್ದೀನಿ" ಅನ್ನುತ್ತೀಯ.

ಹೋದ ಭಾನುವಾರ ಬಟ್ಟೆ ಮಡಚುತ್ತಾ ಕೂತಿದ್ದೆ. ಯಾರೋ ಬಾಗಿಲು ತಟ್ಟಿದರು. ನಲವತ್ತರ ಆಸುಪಾಸಿನ ಮನುಷ್ಯ, ಹಲ್ಲಿನ ಡಾಕ್ಟರಂತೆ. ನನಗೆ ಇನ್ನು ಉಳಿದಿರುವುದೇ ಒಂಬತ್ತು ಹಲ್ಲು, ಇವನಿಗೇನು ಕೆಲಸ ಅಂದುಕೊಂಡೆ. ಅವನ ಕೈಯಲ್ಲೊಂದು ಗಾಜಿನ ಡಬ್ಬಿ. ಅದರೊಳಗೆ ಯಾರು ಗೊತ್ತೇನೋ? ನಮ್ಮ ಕಪ್ತಾನ! ಒಂದು ಬೂಟು ಕಳೆದುಹೋಗಿದೆ, ಮೊಣಕೈ ಸಡಿಲ, ಆದರೂ ಎದೆ ಉಬ್ಬಿಸಿಕೊಂಡು ನಿಂತಿದ್ದಾನೆ. ಫ್ಯಾಕ್ಟರಿ ಮುಚ್ಚಿ ಇಪ್ಪತ್ತು ವರ್ಷವಾಯಿತು, ಸಿಡಿಲು ಪಡೆಯ ಗೊಂಬೆಗಳು ಎಲ್ಲಿ ಕಸದ ಪಾಲಾದವೋ ಅಂದುಕೊಂಡಿದ್ದೆ.

"ಅಮ್ಮಾ, ಇವನ ಕಣ್ಣು ಬರೆದೋರು ನೀವೇನಾ?" ಅಂದ.

"ಹೌದಪ್ಪ, ನಾವು ಹದಿನಾಲ್ಕು ಜನ ಹೆಂಗಸರು ಬರೀತಿದ್ವಿ. ಕಪ್ತಾನನ ಮುಖ ಮಾತ್ರ ನನ್ನದೇ ಮೇಜು" ಅಂದೆ.

ಅಷ್ಟಕ್ಕೇ ಆ ಮನುಷ್ಯ ಕಣ್ಣೊರೆಸಿಕೊಂಡುಬಿಟ್ಟ ಕಣೋ. ಅವನ ಆಸ್ಪತ್ರೆಯಲ್ಲಿ ಮಕ್ಕಳು ಕುರ್ಚಿ ನೋಡಿ ಚೀರುತ್ತವಂತೆ. ಆಗ ಕಪ್ತಾನನನ್ನು ಕೈಗೆ ಕೊಟ್ಟು, "ನೋಡು, ಕೆನ್ನೆಗೆ ಇಷ್ಟು ದೊಡ್ಡ ಗಾಯ ಆದ್ರೂ ಇವನು ಅತ್ತಿಲ್ಲ" ಅನ್ನುತ್ತಾನಂತೆ. ಈ ಗೊಂಬೆಗಳ ಹುಚ್ಚು ಹಿಡಿದ ಅವನಂಥವರು ಸಾವಿರಗಟ್ಟಲೆ ಇದ್ದಾರಂತೆ, ಸಂಘ ಕಟ್ಟಿಕೊಂಡಿದ್ದಾರಂತೆ. ಆ ಗಾಯ ಹೇಗಾಯಿತು ಅನ್ನುವುದರ ಮೇಲೆ ಅವರಲ್ಲಿ ದೊಡ್ಡ ಜಗಳ. ಒಬ್ಬ ಕತ್ತಿಯೇಟು ಅಂತಾನೆ, ಇನ್ನೊಬ್ಬ ಹುಲಿಯುಗುರು ಅಂತಾನೆ. ಇಬ್ಬರು ಮಾತು ಬಿಟ್ಟಿದ್ದಾರಂತೆ. ನಾನು ಬಿದ್ದು ಬಿದ್ದು ನಕ್ಕೆ.

ಈಗ ವಿಷಯಕ್ಕೆ ಬರುತ್ತೇನೆ. ಅವನೂ ಅವನ ಕಡೆಯವರೂ ಸೇರಿ ಹೊಸ ಕಂಪನಿ ಮಾಡಿ ಸಿಡಿಲು ಪಡೆಯನ್ನು ಮತ್ತೆ ತರುತ್ತಾರಂತೆ. ಹಳೆಯ ಅಚ್ಚುಗಳೆಲ್ಲ ಗುಜರಿಗೆ ಹೋಗಿವೆ. "ಮುಖ ಕೆತ್ತಿದ್ದು ಯಾರು?" ಅಂತ ಕೇಳಿದ. "ನನ್ನ ತಮ್ಮ" ಅಂದೆ. ಹಾಗೆ ಅನ್ನುವಾಗ ನನ್ನ ಧ್ವನಿ ಹೇಗಿತ್ತೋ, ಮಗಳು ಒಳಗಿನಿಂದ ಎದ್ದು ಬಂದು ನೋಡಿದಳು. ನಿನ್ನ ವಿಳಾಸ ಕೊಟ್ಟಿದ್ದೇನೆ. ಮಾದರಿಯ ಮೊದಲ ಮುಖಕ್ಕೆ ನಾನೇ ಬಣ್ಣ ಹಚ್ಚಬೇಕಂತೆ. ಅದನ್ನು ನೋಡಿಕೊಂಡು ಯಂತ್ರ ಉಳಿದವಕ್ಕೆ ಹಚ್ಚುತ್ತದಂತೆ. ಮೂಗಿನ ತುದಿಯ ಸಿಟ್ಟನ್ನು ಒಂದು ಗಂಟೆ ಡ್ರಾಯರಿಗೆ ಹಾಕಿ, ಬಂದವರನ್ನು ಕೂರಿಸಿ ಮಾತಾಡಿಸು.

ನಿನ್ನಕ್ಕ


ಜನವರಿ 29

ಅಕ್ಕ,

ಡಾಕ್ಟರ್ ಬಂದಿದ್ದರು. ಕೂರಿಸಿದೆ, ಮಾತಾಡಿಸಿದೆ. ಒಪ್ಪಿಕೊಂಡೆ.

ಹದಿನೆಂಟು ವರ್ಷದಿಂದ ಬಾಟಲಿ ಮುಚ್ಚಳದ ಅಚ್ಚು ಮಾಡಿಕೊಂಡಿದ್ದೇನೆ. ಮುಚ್ಚಳಕ್ಕೆ ಮುಖವಿಲ್ಲ, ಅದೇ ಸುಖ. ಆದರೂ ಅವರು ಡಬ್ಬಿ ತೆಗೆದು ಕಪ್ತಾನನನ್ನು ಮೇಜಿನ ಮೇಲಿಟ್ಟಾಗ ಗದ್ದದ ಕೆಳಗಿನ ತಿರುವು ಕಣ್ಣಿಗೆ ಬಿತ್ತು. ಅದಕ್ಕೆ ಮೂರು ದಿನ ಹಿಡಿದಿತ್ತು, ಒಪ್ಪವಾಗಿತ್ತು. ಇಪ್ಪತ್ತಾರು ವರ್ಷದವನ ಕೈ. ಈಗ ನನ್ನ ಕೈಗೂ ಅದು ಬರುತ್ತದೋ ಇಲ್ಲವೋ.

ಒಂದು ಷರತ್ತು ಹಾಕಿದ್ದೇನೆ. ಕೆನ್ನೆ ನುಣುಪಾಗಿರುತ್ತದೆ. ಗೆರೆ ಇರುವುದಿಲ್ಲ. ಅದು ಗಾಯವೂ ಅಲ್ಲ, ಹುಲಿಯುಗುರೂ ಅಲ್ಲ, ಕೆಲಸಗಾರನ ತಪ್ಪು ಎಂದು ಡಾಕ್ಟರಿಗೆ ಹೇಳಿದೆ. ಅವರ ಮುಖ ಸಪ್ಪಗಾಯಿತು.

ನಿನಗೂ ಬರೆದುಬಿಡುತ್ತೇನೆ, ಮೂವತ್ತೊಂದು ವರ್ಷವಾಯಿತು. ಅಚ್ಚು ಅಂದರೆ ಎಲ್ಲ ತಿರುವುಮುರುವು. ಉಕ್ಕಿನಲ್ಲಿ ಗೀರು ಬಿದ್ದರೆ ಗೊಂಬೆಯ ಮೇಲೆ ಉಬ್ಬು ಗೆರೆ ಬರುತ್ತದೆ. ಆವತ್ತು ಉಳಿ ಜಾರಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸರಿ ಮಾಡಲು ಎರಡು ದಿನ ಬೇಕಿತ್ತು, ಅಚ್ಚನ್ನು ಮಧ್ಯಾಹ್ನಕ್ಕೇ ಯಂತ್ರಕ್ಕೆ ಕೊಡಬೇಕಿತ್ತು. ಕೂದಲಿನಷ್ಟು ಗೆರೆ, ಚರ್ಮದ ಬಣ್ಣದಡಿ ಮುಚ್ಚಿಹೋಗುತ್ತದೆ, ನನ್ನ ಸ್ವಂತ ಅಕ್ಕನ ಮೇಜಿಗೇ ಹೋಗುವುದಲ್ಲ ಅಂದುಕೊಂಡು ಸುಮ್ಮನಾದೆ.

ನೀನು ಅದರ ಮೇಲೆ ಕೆಂಪು ಬಳಿದೆ. ಒಂದಕ್ಕಲ್ಲ, ಎಲ್ಲಕ್ಕೂ. ಊರಿಗೆಲ್ಲ ಕಾಣುವ ಹಾಗೆ. ನಾವು ಅಚ್ಚು ಕೆತ್ತುತ್ತಿದ್ದ ಟೂಲ್ ರೂಮಿನಲ್ಲಿ ನನಗೆ 'ಗಾಯದ ಮೇಸ್ತ್ರಿ' ಅಂತ ಹೆಸರು ಬಿತ್ತು. ಕ್ಯಾಂಟೀನಿಗೆ ಹೋದರೆ ಎಲ್ಲರೂ ಕೆನ್ನೆ ಕೆರೆದುಕೊಳ್ಳುತ್ತಿದ್ದರು. ಹತ್ತು ತಿಂಗಳು ತಡೆದೆ, ಆಮೇಲೆ ಬಿಟ್ಟು ಬಂದೆ. ಯಾಕೆ ಬಿಟ್ಟೆ ಎಂದು ನೀನು ಆಗ ಕೇಳಿದೆ, ನಾನು ಹೇಳಲಿಲ್ಲ. ಈಗ ಹೇಳಿದ್ದೇನೆ.

ತಮ್ಮ


ಫೆಬ್ರವರಿ 10

ಲೋ ಮೊಂಡ,

ನಿನ್ನ ಕಾಗದ ಮುಗಿದ ಮೇಲೆ ಮಡಚಿಟ್ಟಿದ್ದ ಬಟ್ಟೆಯನ್ನೆಲ್ಲ ಬಿಚ್ಚಿ ಮತ್ತೆ ಮಡಚಿದೆ. ಮಗಳು ಹೆದರಿ ನೀರು ತಂದುಕೊಟ್ಟಳು. ಅಂತೂ ಮೂವತ್ತೊಂದು ವರ್ಷ ಈ ಕಸವನ್ನು ಎದೆಯಲ್ಲಿಟ್ಟುಕೊಂಡು, ಮದುವೆ ಮುಂಜಿಗೆ ಬಂದಾಗಲೆಲ್ಲ "ಊಟ ಆಯ್ತಾ ಅಕ್ಕ" ಅಂತ ಮಾತ್ರ ಕೇಳಿ ಹೋಗುತ್ತಿದ್ದೆಯಾ! ನಾನು ನಿನ್ನ ಹೆಂಡತಿಗೆ ಏನಾದರೂ ಅಂದೆನೇನೋ ಅಂತ ಇಷ್ಟು ವರ್ಷ ತಲೆ ಕೆರೆದುಕೊಂಡೆ.

ಕೆಂಪು ಯಾಕೆ ಹಚ್ಚಿದೆ ಅಂತ ನೀನು ಆಗಲೇ ಕೇಳಿದ್ದರೆ ಆಗಲೇ ಹೇಳುತ್ತಿದ್ದೆ. ಕೇಳದವನಿಗೆ ಈಗ ಹೇಳುವುದಿಲ್ಲ. ನನಗೂ ಸ್ವಲ್ಪ ಸಿಟ್ಟು ಇರಲಿ.

ಆದರೆ ಗೆರೆ ತೆಗೆಯಬೇಡ. ಇದನ್ನು ಸಿಟ್ಟಿನಿಂದ ಹೇಳುತ್ತಿಲ್ಲ, ಕೆಲಸದ ಮಾತಾಗಿ ಹೇಳುತ್ತೇನೆ. ನಮ್ಮ ಮೇಜಿನ ಗುಟ್ಟು ನಿಮ್ಮ ಟೂಲ್ ರೂಮಿನವರಿಗೆ ಗೊತ್ತಿಲ್ಲ. ಕಡಲೆಕಾಯಿಯಷ್ಟು ಮುಖಕ್ಕೆ ಸಾಸಿವೆಯಷ್ಟು ಕಣ್ಣು ಬರೆಯಬೇಕು, ದಿನಕ್ಕೆ ನಾನೂರು. ಸಿಡಿಲು ಪಡೆಯ ಉಳಿದ ಎಂಟು ಗೊಂಬೆಗಳಿಗೆ ದಿನಕ್ಕೆ ಒಂದಾದರೂ ಮಾಲುಗಣ್ಣು ಬಂದು ವಾಪಸ್ಸಾಗುತ್ತಿತ್ತು. ಸಮುದ್ರಕ್ಕೆ ಧುಮುಕುವ ಡೈವರ್ ಗೊಂಬೆಯಂತೂ ವಾರಕ್ಕೊಂದು ಸಲ ತನ್ನ ಮೂಗನ್ನೇ ನೋಡಿಕೊಳ್ಳುತ್ತಿದ್ದ. ಕಪ್ತಾನ ಮಾತ್ರ ಒಂದೂ ವಾಪಸ್ ಬರಲಿಲ್ಲ. ಯಾಕೆ? ಹೆಬ್ಬೆರಳಿನ ಉಗುರನ್ನು ನಿನ್ನ ಆ ಗೆರೆಗೆ ಆನಿಸಿದರೆ ಉಗುರಿನ ತುದಿ ಮುಗಿಯುವ ಕಡೆ ಸರಿಯಾಗಿ ಎಡಗಣ್ಣು. ಅಲ್ಲಿಂದ ಕುಂಚವನ್ನು ಅಡ್ಡಕ್ಕೆ ಸರಿಸಿದರೆ ಬಲಗಣ್ಣು. ನೋಡಲೇಬೇಕಿರಲಿಲ್ಲ. ನಾವು ಆಚೀಚೆಯವರ ಮನೆ ಸುದ್ದಿ ಮಾತಾಡಿಕೊಂಡೇ ಬರೆದುಹಾಕುತ್ತಿದ್ದೆವು.

ಗೆರೆ ಇರಲಿ. ಇಷ್ಟು ವರ್ಷದಲ್ಲಿ ನಿನ್ನನ್ನು ಏನೂ ಕೇಳಿಲ್ಲ.

ಅಕ್ಕ


ಮಾರ್ಚ್ 2

ಅಕ್ಕ,

ಅಚ್ಚು ಮುಗಿಯಿತು. ನಲವತ್ತು ತಲೆ ಎರಕ ತೆಗೆದು ಇದರ ಜೊತೆ ಕಳಿಸುತ್ತಿದ್ದೇನೆ. ಗೆರೆ ಇಲ್ಲ.

ಕಣ್ಣು ಬರೆಯಲು ಗೆರೆ ಬೇಕು ಅಂದೆ ನೀನು. ನಿನ್ನ ಕೈ ನನಗೆ ಗೊತ್ತಿಲ್ಲವಾ? ನನ್ನ ಸಮಾಧಾನಕ್ಕೆ ಹಾಗೆ ಬರೆದಿದ್ದೀಯ ಅಂದುಕೊಂಡಿದ್ದೇನೆ. ನಿನ್ನ ಕಾಗದದಲ್ಲಿ ಸಾಲುಗಳು ಒಂದರ ಮೇಲೊಂದು ಹತ್ತಿದ್ದವು, ಅಕ್ಷರ ಕುಂಬಳಕಾಯಿಯಷ್ಟು ದಪ್ಪ. ಸಿಟ್ಟಿನಲ್ಲಿ ಬರೆದಿದ್ದೀಯ. ಬೈದದ್ದು ಸರಿಯೇ, ಹೊಟ್ಟೆಗೆ ಹಾಕಿಕೊಂಡಿದ್ದೇನೆ.

ಗದ್ದದ ತಿರುವು ಬಂದಿದೆ. ಈ ಸಲ ಐದು ದಿನ ಹಿಡಿಯಿತು. ಮುಗಿದ ಮೇಲೆ ವರ್ಕ್‌ಶಾಪಿನ ಬಾಗಿಲು ಹಾಕಿ ಒಬ್ಬನೇ ನೋಡುತ್ತಾ ಕೂತಿದ್ದೆ. ನಮ್ಮ ಹಳೆಯ ಫ್ಯಾಕ್ಟರಿಯ ವಾಸನೆ ನೆನಪಿದೆಯಾ? ಬಿಸಿ ಪ್ಲಾಸ್ಟಿಕ್, ಎಣ್ಣೆ, ನಿಮ್ಮ ಕಡೆಯಿಂದ ಬರುತ್ತಿದ್ದ ಥಿನ್ನರ್. ಮೊದಲ ತಲೆ ಅಚ್ಚಿನಿಂದ ಬಿದ್ದಾಗ ಅದೇ ವಾಸನೆ ಬಂತು. ಬೆಳಿಗ್ಗೆ ಇಬ್ಬರೂ ಒಂದೇ ಸೈಕಲ್‌ನಲ್ಲಿ ಹೋಗುತ್ತಿದ್ದದ್ದು ನೆನಪಾಯಿತು. ಏರು ಬಂದರೆ ನೀನು ಇಳಿಯದೆ "ತುಳಿಯೋ, ತುಳಿಯೋ" ಅನ್ನುತ್ತಿದ್ದೆ.

ಡಾಕ್ಟರಿಗೆ ಏಪ್ರಿಲ್ ಮೊದಲ ವಾರಕ್ಕೆ ಬಣ್ಣದ ಮುಖ ಬೇಕಂತೆ. ನಿನಗೆ ಎರಡು ದಿನದ ಕೆಲಸ. ಮುಗಿಸಿ ಬರೆ.

ತಮ್ಮ


ಮಾರ್ಚ್ 30

ಅಕ್ಕ,

ನಾಲ್ಕು ವಾರವಾಯಿತು. ಸಿಟ್ಟು ಇನ್ನೂ ಇಳಿದಿಲ್ಲವಾದರೆ ಕಾಗದದಲ್ಲಿ ಬೈ, ಆದರೆ ಕೆಲಸ ನಿಲ್ಲಿಸಬೇಡ. ಫೋನ್ ಮಾಡಿದರೆ ಮಗಳು ಎತ್ತಿ "ಅಮ್ಮ ಮಲಗಿದ್ದಾರೆ ಮಾವ" ಅನ್ನುತ್ತಾಳೆ. ಬೆಳಿಗ್ಗೆ ಹನ್ನೊಂದಕ್ಕೆ ಮಲಗುವವಳಲ್ಲ ನೀನು.

ತಮ್ಮ


ಏಪ್ರಿಲ್ 14

ತಮ್ಮಾ,

ತಲೆಗಳನ್ನು ವಾಪಸ್ ಕಳಿಸಿದ್ದೇನೆ. ನನ್ನಿಂದ ಆಗುವುದಿಲ್ಲ. ಬೇರೆ ಯಾರ ಕೈಯಲ್ಲಾದರೂ ಮಾಡಿಸು. ಈಗ ಚೆನ್ನಾಗಿ ಕಲಿತವರು ಬೇಕಾದಷ್ಟು ಜನ ಇದ್ದಾರೆ. ಡಾಕ್ಟರಿಗೆ ನನಗೆ ಪುರುಸೊತ್ತಿಲ್ಲ ಅಂತ ಹೇಳು. ನಿನ್ನ ಮೇಲೆ ಸಿಟ್ಟಿಲ್ಲ. ಗದ್ದ ಚೆನ್ನಾಗಿ ಬಂದಿದೆ.

ಅಕ್ಕ


(ಅದೇ ಲಕೋಟೆಯೊಳಗೆ ಮಡಚಿದ ಚೀಟಿ)

ಮಾವ,

ಅಮ್ಮನಿಗೆ ಗೊತ್ತಿಲ್ಲದೆ ಇದನ್ನು ಒಳಗೆ ಹಾಕುತ್ತಿದ್ದೇನೆ. ಗೊತ್ತಾದರೆ ನನ್ನ ಕಥೆ ಮುಗಿಯಿತು.

ಅಮ್ಮನ ಕಣ್ಣು ಹೋಗಿದೆ. ಪೂರ್ತಿ ಅಲ್ಲ. ನಡುಭಾಗವೆಲ್ಲ ಮಬ್ಬು, ಅಂಚಿನಲ್ಲಿ ಮಾತ್ರ ಕಾಣುತ್ತದೆ. ಎರಡು ವರ್ಷವಾಯಿತು, ಇದಕ್ಕೆ ಔಷಧಿ ಇಲ್ಲವಂತೆ. ನಿಮ್ಮ ಕಾಗದಗಳನ್ನೆಲ್ಲ ನಾನೇ ಓದಿ ಹೇಳುವುದು. ಉತ್ತರ ಮಾತ್ರ ತಾವೇ ಬರೆಯಬೇಕೆಂದು ಹಟ. ರಟ್ಟಿನ ಪಟ್ಟಿ ಅಡ್ಡ ಇಟ್ಟುಕೊಂಡು ಬರೆಯುತ್ತಾರೆ, ಅದು ಜಾರಿದಾಗ ಸಾಲು ಹತ್ತುತ್ತದೆ. ಅದು ಸಿಟ್ಟಲ್ಲ ಮಾವ.

ನೀವು ಕಳಿಸಿದ ತಲೆಗಳ ಮುಂದೆ ಒಂದು ತಿಂಗಳು ಕೂತರು. ಬೆರಳಿಗೆ ಏನೂ ಸಿಗುವುದಿಲ್ಲ, ಎಲ್ಲ ನುಣುಪು. ಕಣ್ಣು ಹಣೆಗೆ ಹೋಗುತ್ತದೆ, ಇಲ್ಲ ಕೆನ್ನೆಗೆ ಇಳಿಯುತ್ತದೆ. ನಾನು "ಸ್ವಲ್ಪ ಮೇಲಿದೆ" ಅಂದರೆ ಥಿನ್ನರ್ ಹಾಕಿ ತೊಳೆದು ಮತ್ತೆ ಬರೆಯುತ್ತಾರೆ. ನಲವತ್ತನ್ನೂ ತೊಳೆದಿದ್ದಾರೆ. ಹೋದ ವಾರ ಡಾಕ್ಟರ್ ಬಂದಾಗ ಅಮ್ಮ ಅವರ ಹಳೆಯ ಕಪ್ತಾನನನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳು ಇಟ್ಟರು ನೋಡಿ, ಬಣ್ಣವಿಲ್ಲದ ಒಣ ಕುಂಚ ನೇರವಾಗಿ ಕಣ್ಣಿನ ಮೇಲೇ ಹೋಗಿ ಕೂತಿತು. ಸಾಯುವುದರೊಳಗೆ ಇನ್ನೊಂದು ಮುಖ ಬರೆಯಬೇಕು ಅನ್ನುವುದೊಂದೇ ಅವರ ಆಸೆ. ಆದರೆ ಗೆರೆ ಬೇಕು ಎಂದು ಬೇಡಿಕೊಂಡರೆ ನೀವು ಕನಿಕರಪಡುತ್ತೀರಿ, ಆ ಕನಿಕರ ಬೇಡ ಅನ್ನುತ್ತಾರೆ.

ಇನ್ನೊಂದು ಮಾತು. ಕೆಂಪು ಬಣ್ಣದ ವಿಷಯ. ಮೊದಲ ಟ್ರೇ ಅಮ್ಮನ ಮೇಜಿಗೆ ಬಂದಾಗ ಪಕ್ಕದಲ್ಲೇ ಗಂಟೆ ಸಾಹೇಬರು ನಿಂತಿದ್ದರಂತೆ. ಮಾತುಮಾತಿಗೂ ಗಂಟೆ ಬಾರಿಸುತ್ತಿದ್ದ ಆ ಸೂಪರ್‌ವೈಸರ್ ನಿಮಗೆ ನೆನಪಿರಬೇಕು. ಅವರು ತಲೆಯನ್ನು ಬೆಳಕಿಗೆ ಹಿಡಿದು, "ಏನಿದು ಗೆರೆ? ಅಚ್ಚು ಹಾಳು ಮಾಡಿದವನು ಯಾರು? ಇವತ್ತೇ ಮನೆಗೆ ಕಳಿಸ್ತೀನಿ" ಅಂದರಂತೆ. ನಿಮ್ಮ ಕೆಲಸ ಆಗಿನ್ನೂ ಕಾಯಂ ಆಗಿರಲಿಲ್ಲವಂತೆ. ಅಮ್ಮ ಕುಂಚವನ್ನು ಕೆಂಪಿಗೆ ಅದ್ದಿ, ಅವರ ಕಣ್ಣೆದುರೇ ಗೆರೆಯ ಮೇಲೆ ಎಳೆದು, "ಅದು ಗಾಯ ಸಾರ್. ಡ್ರಾಯಿಂಗ್‌ನಲ್ಲೇ ಇದೆ. ಬಣ್ಣ ಹಚ್ಚೋದು ಬಾಕಿ ಇತ್ತು ಅಷ್ಟೇ" ಅಂದುಬಿಟ್ಟರಂತೆ. ಸಾಹೇಬರು ಡ್ರಾಯಿಂಗ್ ನೋಡುವವರೇ ಅಲ್ಲ, ತಲೆಯಾಡಿಸಿ ಹೋದರಂತೆ. ಒಮ್ಮೆ ಹೇಳಿದ ಮೇಲೆ ಎಲ್ಲಕ್ಕೂ ಹಚ್ಚಲೇಬೇಕಾಯಿತು. ಹನ್ನೊಂದು ವರ್ಷ, ಪ್ರತಿ ತಲೆಗೆ ಒಂದು ಎಳೆ ಹೆಚ್ಚು ಕೆಲಸ. ಅಮ್ಮನಿಗೆ ನೆಗಡಿ ಬಂದ ದಿನ ಕಪ್ತಾನನ ಮೇಜಿಗೆ ಕೂರಬೇಕಾದ ಹೆಂಗಸರು "ನಿನ್ನ ಬಾಯಿಗೆ ಮಣ್ಣು ಹಾಕ" ಅಂತ ಬೈಯುತ್ತಿದ್ದರಂತೆ.

ಇದನ್ನು ನಾನು ಹೇಳಿದೆ ಎಂದು ಹೇಳಬೇಡಿ.

ಸೊಸೆ


ಮೇ 3

ಅಕ್ಕ,

ಕೆಲಸದಲ್ಲಿ ಸ್ವಲ್ಪ ಬದಲಾವಣೆ ಆಗಿದೆ. ಗೆರೆ ಇಲ್ಲದ ಕಪ್ತಾನನ ಫೋಟೋ ನೋಡಿ ಆ ಸಂಘದವರೆಲ್ಲ ರೇಗಿದ್ದಾರಂತೆ. ಕತ್ತಿಯವನೂ ಹುಲಿಯವನೂ ಮತ್ತೆ ಮಾತಾಡುವ ಹಾಗಾಗಿ, ಇಬ್ಬರೂ ಒಟ್ಟಿಗೇ ಡಾಕ್ಟರನ್ನು ಬೈದಿದ್ದಾರೆ. ಹಾಗಾಗಿ ಗೆರೆ ವಾಪಸ್ ಹಾಕಬೇಕಾಯಿತು. ನನ್ನ ಇಷ್ಟದಿಂದ ಅಲ್ಲ. ಗಿರಾಕಿ ಕೇಳಿದ್ದನ್ನು ಕೊಡಬೇಕಲ್ಲ.

ಜಾರಿದ ಗೆರೆಯನ್ನು ಬೇಕೆಂದು ಕೆತ್ತುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಹಳೆಯ ಉಕ್ಕಿನ ತುಂಡುಗಳ ಮೇಲೆ ಏಳು ಸಲ ಪ್ರಯತ್ನ ಮಾಡಿದೆ. ಏಳೂ ನೆಟ್ಟಗೆ ಬಂದವು, ಅಡಿಕೋಲು ಇಟ್ಟು ಎಳೆದ ಹಾಗೆ. ಮೂವತ್ತು ವರ್ಷ ಜಾರದಂತೆ ಕಲಿಸಿದ ಕೈ, ಈಗ ಜಾರು ಅಂದರೆ ಜಾರುತ್ತದಾ? ಕೊನೆಗೆ ಉಳಿ ಕೆಳಗಿಟ್ಟು, ಆವತ್ತು ಯಾಕೆ ಜಾರಿತು ಎಂದು ನೆನಪು ಮಾಡಿಕೊಂಡೆ. ಅದನ್ನು ನಾನು ಯಾರಿಗೂ ಹೇಳಿಲ್ಲ.

ನೀವೆಲ್ಲ ಹೆಂಗಸರು ಅಂಗಳ ದಾಟಿ ಹೋಗುತ್ತಿದ್ದಿರಿ. ನೀನು ಟೂಲ್ ರೂಮಿನ ಕಿಟಕಿಯ ಗಾಜು ತಟ್ಟಿ, "ಇವನೇ ನೋಡ್ರೇ ನನ್ನ ತಮ್ಮ, ಮುಖ ಕೆತ್ತೋನು" ಅಂದೆ. ನಾನು ಉಳಿ ತೆಗೆಯದೆ ತಲೆಯೆತ್ತಿ ನಿನ್ನ ಕಡೆ ನೋಡಿದೆ. ಬೀಗಿದೆ ಅಂತಲೇ ಬರೆಯುತ್ತೇನೆ. ಆಗಲೇ ಜಾರಿದ್ದು. ಆಮೇಲೆ ಅದೇ ಅಕ್ಕ ಅದನ್ನು ಊರಿಗೆಲ್ಲ ತೋರಿಸಿದಳು ಎಂದು ಎಷ್ಟು ಉರಿದೆ ಅಂದರೆ, ಕಿಟಕಿಯ ಮಾತು ಮರೆತೇಹೋಗಿತ್ತು.

ಹೋದ ಸೋಮವಾರ ಬೆಳಿಗ್ಗೆ ಅಚ್ಚನ್ನು ಹಿಡಿದು ಕೂತು, ಕೆನ್ನೆಗೆ ಉಳಿ ಕೊಟ್ಟು, ಕಿಟಕಿಯ ಕಡೆ ನೋಡಿದೆ. ಹೊರಗೆ ಯಾರೂ ಇರಲಿಲ್ಲ. ಆದರೂ ಜಾರಿತು. ಹಳೆಯ ಗೊಂಬೆಯ ಪಕ್ಕ ಇಟ್ಟು ನೋಡಿದೆ. ಅದೇ ಗೆರೆ.

ಹತ್ತು ತಲೆ ಕಳಿಸುತ್ತಿದ್ದೇನೆ. ಬೇರೆ ಯಾರಿಗೂ ಈ ಕೆಲಸ ಕೊಟ್ಟಿಲ್ಲ, ಕೊಡುವುದೂ ಇಲ್ಲ. ನಿನಗೆ ಪುರುಸೊತ್ತಾದಾಗ ಮಾಡು. ಅವಸರವಿಲ್ಲ, ಡಾಕ್ಟರ್ ಕಾಯುತ್ತಾರೆ. ಇಲ್ಲದಿದ್ದರೆ ಅವರ ಹಲ್ಲು ನಾನು ಕೀಳುತ್ತೇನೆ.

ತಮ್ಮ


ಮೇ 19

ತಮ್ಮಾ,

ಬಾಯಿಬಡುಕಿ ಮಗಳು ಏನೇನು ಬರೆದಿದ್ದಾಳೋ ನನಗೆ ಗೊತ್ತಿಲ್ಲ ಅಂದುಕೊಳ್ಳಬೇಡ. "ಗಿರಾಕಿ ಕೇಳಿದ್ದನ್ನು ಕೊಡಬೇಕಲ್ಲ" ಅಂತ ನೀನು ಬರೆದದ್ದನ್ನು ಅವಳು ಓದುವಾಗಲೇ ಧ್ವನಿ ನಡುಗಿತು. ನೀನು ಜನ್ಮದಲ್ಲಿ ಗಿರಾಕಿಯ ಮಾತು ಕೇಳಿದವನಾ? ಹೌದು, ಕಣ್ಣು ಕಾಣುವುದಿಲ್ಲ. ಹೇಳಲಿಲ್ಲ. ನೀನು ಮೂವತ್ತೊಂದು ವರ್ಷ ಹೇಳದೆ ಇದ್ದೆ, ನಾನು ಎರಡು ವರ್ಷ. ಲೆಕ್ಕದಲ್ಲಿ ನೀನೇ ಮುಂದೆ.

ಡಬ್ಬಿ ಬಿಚ್ಚಿ ಮೊದಲನೇ ತಲೆಯ ಮೇಲೆ ಹೆಬ್ಬೆರಳಿಟ್ಟೆ. ಗೆರೆ ಸಿಕ್ಕಿತು. ಅಯ್ಯೋ ತಮ್ಮಾ, ಏನು ಹೇಳಲಿ, ಜೋರಾಗಿ ಅತ್ತುಬಿಟ್ಟೆ. ಮಗಳು ಬಂದು "ಯಾಕಮ್ಮ, ಸರಿ ಇಲ್ವಾ?" ಅಂದಳು. "ಸರಿ ಇದೆ ಕಣೇ, ಸರಿಯಾಗಿ ತಪ್ಪಿದೆ" ಅಂದೆ. ಆ ಕಿಟಕಿ, ಆ ಅಂಗಳ, ಕೈಯಲ್ಲಿ ಕುಂಚದ ಡಬ್ಬಿ ಹಿಡಿದ ನಾವೆಲ್ಲ ಕಣ್ಣ ಮುಂದೆ ಬಂದೆವು. ಅದೆಲ್ಲ ಮಾತ್ರ ನನಗೆ ಇನ್ನೂ ಚೆನ್ನಾಗಿ ಕಾಣುತ್ತದೆ. ನಾನು ಗಾಜು ತಟ್ಟಿದ್ದು ನನಗೂ ನೆನಪಿದೆ. ನೀನು ನಕ್ಕದ್ದೂ ನೆನಪಿದೆ. ಆ ನಗು ಗೊಂಬೆಯ ಕೆನ್ನೆಗೆ ಬಿತ್ತು ಎಂದು ಗೊತ್ತಿರಲಿಲ್ಲ.

ಒಂಬತ್ತು ತಲೆಯಲ್ಲಿ ಅಭ್ಯಾಸ ಮಾಡಿದೆ. ಹತ್ತನೆಯದನ್ನು ಕಳಿಸುತ್ತಿದ್ದೇನೆ. ಮಗಳು "ಚೆನ್ನಾಗಿದೆ ಅಮ್ಮ" ಅನ್ನುತ್ತಾಳೆ, ಅವಳನ್ನು ನಂಬುವ ಹಾಗಿಲ್ಲ, ಅವಳಿಗೆ ಹೆತ್ತವಳ ಮೇಲೆ ಕನಿಕರ. ನೀನು ನಿನ್ನ ಭೂತಗನ್ನಡಿ ಇಟ್ಟು ನೋಡಿ ಹೇಳು. ಕಣ್ಣು ನೇರ ಇದೆಯಾ? ನಿಜ ಹೇಳು. ಸರಿಯಿಲ್ಲದಿದ್ದರೆ ಬೇರೆಯವರ ಕೈಯಲ್ಲಿ ಬರೆಸು, ನನಗೆ ಬೇಜಾರಿಲ್ಲ. ಬೇಜಾರಾಗುತ್ತದೆ, ಆದರೂ ಬರೆಸು.

ಅಕ್ಕ


ಮೇ 27

ಅಕ್ಕ,

ನಿಜ ಕೇಳಿದ್ದೀಯ. ಭೂತಗನ್ನಡಿ ಇಟ್ಟು ನೋಡಿದೆ, ಅಳತೆಯನ್ನೂ ತೆಗೆದೆ. ಎಡಗಣ್ಣು ಎಲ್ಲಿರಬೇಕೋ ಅಲ್ಲೇ ಇದೆ. ಬಲಗಣ್ಣು ಒಂದು ಕೂದಲೆಳೆಯಷ್ಟು ಮೇಲಿದೆ. ಏನೋ ಕೇಳಿಸಿಕೊಂಡು ಹುಬ್ಬೇರಿಸಿದ ಹಾಗೆ, ಯಾರೋ ಕಿಟಕಿ ತಟ್ಟಿದಾಗ ತಲೆಯೆತ್ತಿದ ಹಾಗೆ ಕಾಣುತ್ತಾನೆ.

ನಿನ್ನೆ ಕಂಪನಿಯಿಂದ ಡಾಕ್ಟರ್ ಬಂದಿದ್ದರು, ಜೊತೆಗೆ ಅವರ ಯಂತ್ರದ ಎಂಜಿನಿಯರ್. ಎಂಜಿನಿಯರ್ ಮುಖವನ್ನು ತಿರುಗಿಸಿ ಮುರುಗಿಸಿ ನೋಡಿ, "ಸಾರ್, ಬಲಗಣ್ಣು ಸ್ವಲ್ಪ ಮೇಲಿದೆ ಅನ್ಸುತ್ತೆ. ಕಂಪ್ಯೂಟರ್‌ನಲ್ಲಿ ಸರಿ ಮಾಡ್ಲಾ?" ಅಂದ.

ನಾನು ಅವನ ಕೈಯಿಂದ ಕಪ್ತಾನನನ್ನು ತೆಗೆದುಕೊಂಡೆ.

"ಮುಟ್ಟಬೇಡಪ್ಪ. ಡ್ರಾಯಿಂಗ್‌ನಲ್ಲೇ ಹಾಗಿದೆ" ಅಂದೆ.

ಅವನು ಬರೆದುಕೊಂಡು ಹೋದ. ಮೊದಲ ಸಲಕ್ಕೆ ಐದು ಸಾವಿರ ಮಾಡುತ್ತಾರಂತೆ, ಐದು ಸಾವಿರಕ್ಕೂ ಅದೇ ಕಣ್ಣು. ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಬರುತ್ತಿದ್ದೇನೆ. ಬಾಗಿಲು ತಟ್ಟುವುದಿಲ್ಲ, ಕಿಟಕಿ ತಟ್ಟುತ್ತೇನೆ.

ನಿನ್ನ ತಮ್ಮ